ಆಟದಲ್ಲಿ ದೊಡ್ಡವನು ಆದರ್ಶಪುರುಷನೆ?

‘ಆದರ್ಶ’ ಎಂಬ ಸಂಸ್ಕೃತ ಶಬ್ದಕ್ಕೆ ಕನ್ನಡಿ ಎಂಬ ಅರ್ಥವೂ ಉಂಟು. ಮುಖದ ಮಸಿಯನ್ನು ಒರೆಸಿಕೊಳ್ಳಲು ನಾವು ಕನ್ನಡಿಯ ಮುಂದೆ ನಿಲ್ಲುತ್ತೇವೆ. ಹಾಗೆಯೇ ಯಾರ ನಡತೆಯನ್ನು ನೋಡಿ ನಮ್ಮ ನಡತೆಯನ್ನು ತಿದ್ದಿಕೊಳ್ಳಬಹುದೋ ಅವನು ಆದರ್ಶಪುರುಷ. ಆದರೆ ಈ ಬಿರುದು ಈಗ ಬಹಳ ಅಗ್ಗವಾಗಿದೆ. ಚೆನ್ನಾಗಿ ಆಡಿದವನಿಗೆ, ಚೆನ್ನಾಗಿ ನಟಿಸಿದವನಿಗೆ, ಹೆಚ್ಚು ಹಣ ಗಳಿಸಿದವನಿಗೆ, ಎಲ್ಲರಿಗೂ ನಾವು ಇದನ್ನು ಹಂಚುತ್ತೇವೆ. ಇದು ಯುಕ್ತವೆ ಎಂದು ವಿಚಾರ ಮಾಡಲು ಅಮೆರಿಕದ ಬೇಸ್‌ಬಾಲ್ ಆಟಗಾರ ಪೀಟ್ ರೋಸ್‌ನ ಬಾಳು ತಕ್ಕ ಉದಾಹರಣೆ. ಆತ ನಮ್ಮ ಊರಿನವನಲ್ಲ, ನಮ್ಮ ತಂಡದವನಲ್ಲ. ಆದ್ದರಿಂದ ಪಕ್ಷಪಾತವಿಲ್ಲದೆ ತೂಗಿ ನೋಡಬಹುದು.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತಿಳಿಯುವುದು ಕಷ್ಟವಲ್ಲ. ಅಲ್ಲಿಯೂ ಒಬ್ಬನು ಚೆಂಡೆಸೆಯುತ್ತಾನೆ, ಇನ್ನೊಬ್ಬನು ದಾಂಡಿನಿಂದ ಹೊಡೆಯುತ್ತಾನೆ. ಮೈದಾನದಲ್ಲಿ ನಾಲ್ಕು ನೆಲೆಗಳಿರುತ್ತವೆ. ತನ್ನ ಹೊಡೆತದ ಬಲದಿಂದಲೇ, ಔಟಾಗದೆ, ಮೊದಲನೆಯ ನೆಲೆಯನ್ನಾದರೂ ಮುಟ್ಟಿದವನ ಹೆಸರಿಗೆ ಒಂದು ‘ಹಿಟ್’ ಬರೆಯುತ್ತಾರೆ. ಹತ್ತು ಅವಕಾಶಗಳಲ್ಲಿ ಮೂರು ಹಿಟ್ ಪಡೆದವನನ್ನು ಅಲ್ಲಿ ಬಹು ಒಳ್ಳೆಯ ದಾಂಡಿಗನೆಂದೇ ಎಣಿಸುತ್ತಾರೆ.

ರೋಸ್ ಹುಟ್ಟಿದ್ದು 1941ರಲ್ಲಿ, ಸಿನ್ಸಿನಾಟಿ ನಗರದಲ್ಲಿ. 1963ರಲ್ಲಿ ಅದೇ ಊರಿನ ‘ರೆಡ್ಸ್’ ತಂಡದಲ್ಲಿ ಆಡತೊಡಗಿ, 1986ರವರೆಗೆ ಆಡಿದನು. 1985ರ ಸೆಪ್ಟೆಂಬರ್ 11ರಂದು ಟೈ ಕಾಬ್ ಎಂಬ ಹಳೆಯ ಆಟಗಾರನ ದಾಖಲೆಯನ್ನು ಮುರಿದನು. ಒಟ್ಟು 3562 ಪಂದ್ಯಗಳಲ್ಲಿ ಆತನು ಗಳಿಸಿದ ಹಿಟ್‌ಗಳು 4256. ಅಮೆರಿಕದ ಮೇಜರ್ ಲೀಗ್‌ನಲ್ಲಿ ಈ ಸಂಖ್ಯೆಯನ್ನು ಇನ್ನೂ ಯಾರೂ ಮುಟ್ಟಿಲ್ಲ.

ಇದಕ್ಕಿಂತಲೂ ದೊಡ್ಡದು ಆತನ ದುಡಿಮೆಯ ರೀತಿ. ಎದುರಾಳಿ ನಾಲ್ಕು ಚೆಂಡುಗಳನ್ನು ತಪ್ಪಾಗಿ ಎಸೆದರೆ ದಾಂಡಿಗನಿಗೆ ಮೊದಲನೆಯ ನೆಲೆ ಪುಕ್ಕಟೆಯಾಗಿ ಸಿಗುತ್ತದೆ. ಉಳಿದವರು ಅಲ್ಲಿಗೆ ನಿಧಾನವಾಗಿ ನಡೆದುಹೋಗುತ್ತಿದ್ದರು. ರೋಸ್ ಆಗಲೂ ಓಡುತ್ತಿದ್ದನು. ಇದಕ್ಕಾಗಿಯೇ ಹಾಸ್ಯಕ್ಕೆ ‘ಚಾರ್ಲಿ ಹಸಲ್’, ಎಂದರೆ ಚುರುಕಿನ ಚಾರ್ಲಿ, ಎಂದು ಹೆಸರಿಟ್ಟರು. ಆ ಹೆಸರೇ ಬಿರುದಾಯಿತು. ಮೈದಾನದ ಐದು ಬೇರೆ ಬೇರೆ ಸ್ಥಾನಗಳಲ್ಲಿ, ಒಂದೊಂದರಲ್ಲಿಯೂ 500ಕ್ಕಿಂತ ಹೆಚ್ಚು ಪಂದ್ಯಗಳನ್ನು ಆಡಿದನು. ಯಾವ ಕೆಲಸಕ್ಕೆ ಹಚ್ಚಿದರೂ ಕಲಿತು ಮಾಡುವವನೆಂದು ಇದರಿಂದ ತಿಳಿಯುತ್ತದೆ. ದುಡಿದು ಉಣ್ಣುವ ನಾವು ಈ ಗುಣವನ್ನು ಮನಸಾರೆ ಮೆಚ್ಚಬೇಕು.

ಇನ್ನು ಎರಡನೆಯ ಪುಟ. 1919ರ ಅಂತಿಮ ಪಂದ್ಯಾವಳಿಯಲ್ಲಿ ಹಣ ಪಡೆದು ಬೇಕೆಂದೇ ಸೋತರೆಂಬ ಆಪಾದನೆಯ ಮೇಲೆ ಷಿಕಾಗೊ ತಂಡದ ಎಂಟು ಮಂದಿಯನ್ನು 1921ರಲ್ಲಿ ಆಟದಿಂದ ಹೊರಹಾಕಲಾಯಿತು. ಆಮೇಲೆ ಬಂದ ಕಟ್ಟಳೆ ಸ್ಪಷ್ಟವಾಗಿದೆ: ತಾನು ಹೊಣೆ ಹೊತ್ತ ಪಂದ್ಯದ ಮೇಲೆ ಪಣ ಕಟ್ಟಿದವನಿಗೆ ಶಾಶ್ವತ ಬಹಿಷ್ಕಾರ. ಈ ನಿಯಮವನ್ನು ಎಲ್ಲ ತಂಡಗಳ ಕೋಣೆಗಳಲ್ಲಿಯೂ ತೂಗುಹಾಕುತ್ತಾರೆ. ರೋಸ್ ಅದನ್ನು ವರ್ಷಗಟ್ಟಲೆ ನೋಡಿದವನು. ಆದರೂ ರೆಡ್ಸ್ ತಂಡದ ಮ್ಯಾನೇಜರನಾಗಿದ್ದಾಗ ತನ್ನ ತಂಡದ ಪಂದ್ಯಗಳ ಮೇಲೆಯೇ ಪಣ ಕಟ್ಟಿದನು. ವಿಚಾರಣೆ ನಡೆದು, 1989ರ ಆಗಸ್ಟ್ 24ರಂದು ಆತನನ್ನು ಹೊರಹಾಕಲಾಯಿತು. ಬಹಿಷ್ಕಾರಕ್ಕೆ ಒಪ್ಪಿ ಸಹಿ ಹಾಕಿದರೂ, ಬೇಸ್‌ಬಾಲ್ ಮೇಲೆ ತಾನು ಪಣ ಕಟ್ಟಲಿಲ್ಲವೆಂದೇ ಸಾಧಿಸಿದನು. 1990ರಲ್ಲಿ ಸುಳ್ಳು ತೆರಿಗೆ ಲೆಕ್ಕ ಸಲ್ಲಿಸಿದ್ದಕ್ಕಾಗಿ ಐದು ತಿಂಗಳ ಸೆರೆಮನೆಯ ಶಿಕ್ಷೆಯಾಯಿತು. ಪಣ ಕಟ್ಟಿದ್ದು ನಿಜವೆಂದು ಬಹಿರಂಗವಾಗಿ ಒಪ್ಪಿದ್ದು 2004ರಲ್ಲಿ, ತನ್ನ ಪುಸ್ತಕ ಹೊರಬಂದಾಗ.

“ತನ್ನ ತಂಡ ಗೆಲ್ಲಲೆಂದೇ ಪಣ ಕಟ್ಟಿದನಲ್ಲ, ಅದರಿಂದ ಯಾರಿಗೆ ಕೇಡು?” ಎಂದು ಆತನ ಪಕ್ಷದವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕದೆ ಉತ್ತರಿಸಬೇಕು. ಇಂದಿನ ಪಂದ್ಯದ ಮೇಲೆ ಹಣವಿಟ್ಟ ಮ್ಯಾನೇಜರನು ದಣಿದ ಎಸೆತಗಾರನನ್ನು ಇಂದೇ ಹೆಚ್ಚು ದುಡಿಸಬಹುದು. ನಾಳೆ ಆ ಹುಡುಗನ ತೋಳಿಗೆ ಏನಾದರೂ ಆದರೆ ನೋವು ಹುಡುಗನದು. ಮ್ಯಾನೇಜರನು ಪಣ ಕಟ್ಟದ ದಿನ, ಇಂದು ಆತನಿಗೆ ಗೆಲುವಿನ ನಂಬಿಕೆಯಿಲ್ಲವೆಂದು ಜೂಜಿನವರಿಗೆ ಸೂಚನೆ ಸಿಗುತ್ತದೆ. ಸಾಲ ಬೆಳೆದರೆ ಅವರ ಮಾತಿಗೆ ತಲೆಬಾಗಬೇಕಾಗುತ್ತದೆ. ಸಂಜೆ ಕಚೇರಿಯ ತಿಜೋರಿಯಿಂದ ಹಣ ತೆಗೆದು ಬೆಳಿಗ್ಗೆ ತಿರುಗಿ ಇಟ್ಟ ಗುಮಾಸ್ತನ ಕಥೆಯೂ ಇದೇ: ಲೆಕ್ಕ ಸರಿಹೋಗುತ್ತದೆ, ನಂಬಿಕೆ ಸರಿಹೋಗುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಹಾಗಾದರೆ ಆದರ್ಶಪುರುಷನಲ್ಲಿ ಯಾವ ದೋಷವೂ ಇರಬಾರದೆ? ಹಾಗೆಂದರೆ ಲೋಕದಲ್ಲಿ ಒಬ್ಬನೂ ಸಿಗಲಾರನು. ಅದೇ ಕಾಲದ ರಾಬರ್ಟೊ ಕ್ಲೆಮೆಂಟೆಯನ್ನು ನೋಡೋಣ. ಪೋರ್ಟೊ ರಿಕೊ ದ್ವೀಪದ ಈತ 1955ರಿಂದ ಪಿಟ್ಸ್‌ಬರ್ಗ್ ತಂಡದಲ್ಲಿ ಆಡಿದನು. ಮನೆಮಾತು ಸ್ಪ್ಯಾನಿಷ್. ಈತನ ಇಂಗ್ಲಿಷ್ ಉಚ್ಚಾರವನ್ನು ಪತ್ರಿಕೆಗಳು ಹಾಸ್ಯ ಮಾಡಿದವು. ಹೆಸರನ್ನೇ ‘ಬಾಬ್’ ಎಂದು ಬದಲಿಸಿ ಬರೆದವು. ಪರಭಾಷೆಯ ಊರಿನಲ್ಲಿ ಅನ್ನ ಹುಡುಕುವ ನಮಗೆ ಈ ನೋವು ಅಪರಿಚಿತವಲ್ಲ. ತನ್ನ ಹೆಸರು ರಾಬರ್ಟೊ ಎಂದೇ ಆತ ಹೇಳುತ್ತಿದ್ದನು. ಆತನಿಗೆ ಸಿಟ್ಟು ಬೇಗ ಬರುತ್ತಿತ್ತು. 1963ರಲ್ಲಿ ಅಂಪೈರನ ಮೇಲೆ ಕೈಮಾಡಿ ಶಿಕ್ಷೆ ಅನುಭವಿಸಿದನು. 1972ರ ಡಿಸೆಂಬರ್ 23ರಂದು ನಿಕರಾಗುವದ ಮನಾಗುವ ನಗರ ಭೂಕಂಪದಿಂದ ನಾಶವಾಯಿತು. ತಾನು ಸಂಗ್ರಹಿಸಿ ಕಳಿಸಿದ ಸಾಮಗ್ರಿ ಸಂತ್ರಸ್ತರಿಗೆ ಮುಟ್ಟುತ್ತಿಲ್ಲವೆಂದು ಕೇಳಿ, ತಾನೇ ಒಯ್ಯಲು ಡಿಸೆಂಬರ್ 31ರ ರಾತ್ರಿ ವಿಮಾನ ಹತ್ತಿದನು. ಅತಿಯಾದ ಹೊರೆ ಹೊತ್ತ ಆ ವಿಮಾನ ಸಮುದ್ರಕ್ಕೆ ಬಿದ್ದಿತು. ಆಗ ಆತನಿಗೆ 38 ವರ್ಷ. ಆತನ ಹಿಟ್‌ಗಳು ಸರಿಯಾಗಿ 3000. ರೋಸ್‌ನಿಗಿಂತ 1256 ಕಡಿಮೆ.

ಸಿಟ್ಟು ಒಂದು ದೋಷ. ನಂಬಿದವರಿಗೆ ವಂಚನೆ ಮಾಡಿ ಹದಿನೈದು ವರ್ಷ ಅದನ್ನು ಮುಚ್ಚುವುದು ಬೇರೆ ಜಾತಿಯ ದೋಷ. ಮೊದಲನೆಯದರಿಂದ ಕನ್ನಡಿಗೆ ಕಲೆ ಬೀಳುತ್ತದೆ. ಎರಡನೆಯದರಿಂದ ಕನ್ನಡಿಯೇ ಒಡೆಯುತ್ತದೆ.

ರೋಸ್ 2024ರ ಸೆಪ್ಟೆಂಬರ್ 30ರಂದು ತೀರಿಕೊಂಡನು. ಶಾಶ್ವತ ಬಹಿಷ್ಕಾರ ಮರಣದೊಡನೆ ಮುಗಿಯುತ್ತದೆಂದು ಆಟದ ಅಧಿಕಾರಿಗಳು 2025ರ ಮೇ ತಿಂಗಳಲ್ಲಿ ನಿರ್ಣಯಿಸಿದರು. ಇನ್ನು ಗೌರವ ಭವನದ ಆಯ್ಕೆಯಲ್ಲಿ ಆತನ ಹೆಸರನ್ನು ಪರಿಶೀಲಿಸಬಹುದು. ಆ ಗೌರವ ಸಿಕ್ಕರೆ ನಮ್ಮ ಆಕ್ಷೇಪವಿಲ್ಲ. ಅದು ಆಟಕ್ಕೆ ಕೊಡುವ ಮರ್ಯಾದೆ. ಪುಕ್ಕಟೆ ಸಿಕ್ಕ ನೆಲೆಗೂ ಓಡಿದ ಆ ಓಟವನ್ನು ನಾವು ಕಲಿಯೋಣ. ಆದರೆ ಆದರ್ಶಪುರುಷನೆಂಬ ಮಾತನ್ನು ಆತನಿಗೆ ಕೊಡಲಾರೆವು. ಜೂಜು ಈಗ ಓಣಿಯ ಮಟ್ಕಾ ಅಡ್ಡೆಯನ್ನು ದಾಟಿ ಕೈಯ ಫೋನಿನೊಳಗೆ ಬಂದಿದೆ. ಊರಿಗೆ ಕಳಿಸಬೇಕಾದ ಹಣ ಜೇಬಿನಲ್ಲಿರುವಾಗ ಯಾರ ಹೆಸರನ್ನು ನೆನೆಯಬೇಕೆಂಬುದು ನಮ್ಮ ತರುಣರಿಗೆ ಸಣ್ಣ ಪ್ರಶ್ನೆಯಲ್ಲ.

ಮುಂದಿನ ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು:

1. ಮೆಚ್ಚುವುದಕ್ಕೂ ಅನುಸರಿಸುವುದಕ್ಕೂ ಏನು ವ್ಯತ್ಯಾಸ?
2. ರೋಸ್ 1989ರಲ್ಲಿಯೇ ನಿಜ ಹೇಳಿದ್ದರೆ ನಮ್ಮ ತೀರ್ಮಾನ ಬದಲಾಗುತ್ತಿತ್ತೆ?
3. ನಾವು ಕೆಲಸ ಮಾಡುವಲ್ಲಿ, ಯಾರ ಹೆಸರೂ ಪತ್ರಿಕೆಯಲ್ಲಿ ಬಾರದಿದ್ದರೂ, ಯಾರ ನಡತೆ ನಮಗೆ ಕನ್ನಡಿಯಾಗಿದೆ?