ಎರಡೂವರೆ ಲಕ್ಷ ಕಿ.ಮೀ. ದಾಟಿದ ಪಿಕಪ್ – ಇಂಜಿನ್ ಬಿಚ್ಚಿಸದೆ ಓಡಿಸುವ ಕ್ರಮ

ಹಳೆ ಡೀಸೆಲ್ ಪಿಕಪ್ಪಿನ ಇಂಜಿನ್ ಹಾಳಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಧೂಳು, ನೀರು, ಬಿಸಿ. ಮೂರನ್ನೂ ತಡೆಯುವುದು ನಮ್ಮ ಕೈಲೇ ಇದೆ. ಏಳನೇ ಕ್ಲಾಸು ಓದಿದ ನನಗೆ ಸಾಧ್ಯವಾಗಿದೆ ಅಂದರೆ ಯಾರಿಗೂ ಕಷ್ಟವಿಲ್ಲ.

ನಮ್ಮದು ಚಳ್ಳಕೆರೆ ಕಡೆಯ ಒಣಭೂಮಿ. ಶೇಂಗಾ, ತೊಗರಿ ಬೆಳೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಸೋದು ಪಿಕಪ್ಪಿನ ಬಾಡಿಗೆಯೇ. ಸೆಕೆಂಡ್ ಹ್ಯಾಂಡ್ ತಂದ ಗಾಡಿ, ಎರಡೂವರೆ ಲೀಟರಿನ ಟರ್ಬೋ ಇಂಜಿನ್. ಇಂಜಿನ್ ಬೋರಿಗೆ ಬಂತು ಅಂದರೆ ಲೈನರ್, ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಸೇರಿ ಒಂದು ಬೆಳೆಯ ದುಡ್ಡು ಹೋಗುತ್ತೆ. ಅದೂ ಸುಗ್ಗಿಯಲ್ಲೇ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆಯೂ ಇಲ್ಲ.

ಗಾಳಿ

ಇಷ್ಟು ದೊಡ್ಡ ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಸುಮಾರು 2,500 ಲೀಟರ್ ಗಾಳಿ ಎಳೆಯುತ್ತೆ. ಟರ್ಬೋ ಇದ್ದರೆ ಇನ್ನೂ ಜಾಸ್ತಿ. ನಮ್ಮ ಕೆಂಪು ಧೂಳಿನಲ್ಲಿ ಸಣ್ಣ ಮರಳಿದೆ. ಅದು ಒಳಗೆ ಹೋದರೆ ಲೈನರು, ರಿಂಗನ್ನು ಅರದಂತೆ ಉಜ್ಜುತ್ತೆ.

ಸುಗ್ಗಿಯಲ್ಲಿ ವಾರಕ್ಕೊಮ್ಮೆ ಏರ್ ಕ್ಲೀನರ್ ತೆಗೆದು ನೋಡುತ್ತೇನೆ. ಕಾಗದದ ಫಿಲ್ಟರನ್ನು ತೊಳೆಯಬಾರದು, ಕಲ್ಲಿಗೆ ಬಡಿಯಬಾರದು. ಕಡಿಮೆ ಒತ್ತಡದ ಗಾಳಿಯನ್ನು ಒಳಗಿಂದ ಹೊರಕ್ಕೆ ಹೊಡೆಯಬೇಕು. ಬಿಸಿಲಿಗೆ ಹಿಡಿದು ಒಳಗಿಂದ ನೋಡಿ; ತೂತು ಕಂಡರೆ ಬಿಸಾಡಿ. ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಪೈಪು, ಕ್ಲಿಪ್ಪುಗಳನ್ನೂ ನೋಡಬೇಕು. ಅಲ್ಲಿ ಬಿರುಕಿದ್ದರೆ ಹೊಸ ಫಿಲ್ಟರ್ ಹಾಕಿಯೂ ಪ್ರಯೋಜನವಿಲ್ಲ, ಧೂಳು ನೇರ ಒಳಗೆ ಹೋಗುತ್ತೆ.

ಆಯಿಲ್

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟು ಜಾಗದಲ್ಲಿ ಕಡ್ಡಿ ಎಳೆದು ನೋಡಿ. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಾಗುವುದು ಸಹಜ, ಅದು ಮಸಿ. ಹೆದರಬೇಕಾದ್ದು ಬೇರೆ. ಆಯಿಲ್ ಮಟ್ಟ ತಾನಾಗಿ ಏರಿದರೆ ಡೀಸೆಲ್ ಅಥವಾ ನೀರು ಸೇರುತ್ತಿದೆ ಅಂತ ಅರ್ಥ. ಡೀಸೆಲ್ ಸೇರಿದರೆ ತೆಳುವಾಗಿ ವಾಸನೆ ಬರುತ್ತೆ, ನೀರು ಸೇರಿದರೆ ಮಜ್ಜಿಗೆಯ ಬಣ್ಣ ಬರುತ್ತೆ. ಎರಡರಲ್ಲೂ ಗಾಡಿ ಓಡಿಸಬಾರದು.

ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್ ಒಳ್ಳೆ ರಸ್ತೆಯ ಲೆಕ್ಕ. ಧೂಳಿನ ದಾರಿ, ಭಾರದ ಲೋಡು ಇದ್ದರೆ ಮೊದಲೇ ಬದಲಿಸಬೇಕು. ನಾನು 10,000 ಬದಲು 7,000ಕ್ಕೇ ಬದಲಿಸ್ತೀನಿ, ಫಿಲ್ಟರ್ ಸಮೇತ. ಗ್ರೇಡು ಮಾತ್ರ ಕೈಪಿಡಿಯಲ್ಲಿ ಇರುವುದೇ.

ಟರ್ಬೋ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತೆ. ಅದರ ಬೇರಿಂಗಿಗೆ ಇದೇ ಆಯಿಲ್ ಆಧಾರ. ಸ್ಟಾರ್ಟ್ ಆದ ಕೂಡಲೇ ರೇಸ್ ಮಾಡಬೇಡಿ. ಲೋಡಿನಲ್ಲಿ ಬಂದು ನಿಂತ ಮೇಲೆ ಒಂದೆರಡು ನಿಮಿಷ ನಿಧಾನಕ್ಕೆ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ.

ಡೀಸೆಲ್ಲಿನ ನೀರು

ಕಾಮನ್ ರೈಲ್ ಇಂಜಿನ್ನಿನಲ್ಲಿ ಡೀಸೆಲ್ ಒತ್ತಡ 1,000 ಬಾರಿಗೂ ಮೇಲೆ ಏರುತ್ತೆ. ಪಂಪು, ನಾಜಲ್‌ಗಳ ಒಳಗಿನ ಸಂದು ಕೂದಲಿಗಿಂತ ಎಷ್ಟೋ ಸಣ್ಣದು. ಒಂದು ಹನಿ ನೀರು ತುಕ್ಕು ಹಿಡಿಸಲು ಸಾಕು. ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ, ಗಾಜಿನ ಲೋಟದಲ್ಲಿ ಹಿಡಿದು ನೋಡಿ. ನೀರು ಅಡಿಗೆ ನಿಲ್ಲುತ್ತೆ. ಬರೀ ಡೀಸೆಲ್ ಬರುವ ತನಕ ಬಿಡಬೇಕು. ಡ್ರಮ್ಮಿನಲ್ಲಿಟ್ಟ ಡೀಸೆಲ್ ಬೇಡ, ಸೀಮೆಎಣ್ಣೆ ಬೆರಕೆಯಂತೂ ಬೇಡವೇ ಬೇಡ. ರಾತ್ರಿ ಟ್ಯಾಂಕ್ ಖಾಲಿ ಇಟ್ಟರೆ ಒಳಗಿನ ಗಾಳಿಯಲ್ಲಿರುವ ತೇವ ತಣಿದು ನೀರಾಗುತ್ತೆ. ಓಡುವ ಇಂಜಿನ್ನಿನ ಹೈ ಪ್ರೆಶರ್ ಪೈಪನ್ನು ಬಿಚ್ಚಬಾರದು. ಆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ.

ಬಿಸಿ

ನಮ್ಮ ಬೋರ್‌ವೆಲ್ ನೀರು ಗಡಸು. ರೇಡಿಯೇಟರಿಗೆ ಅದನ್ನೇ ಹುಯ್ದರೆ ಪಾತ್ರೆಯ ತಳದ ಹಾಗೆ ಒಳಗೂ ಸುಣ್ಣ ಕಟ್ಟುತ್ತೆ. ಕೂಲೆಂಟ್ ಮತ್ತು ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಕೈಪಿಡಿಯ ಅಳತೆಯಲ್ಲಿ ಬೆರೆಸಿ ಹಾಕಬೇಕು. ರೇಡಿಯೇಟರಿನ ಸಂದಿಯಲ್ಲಿ ಹೊಟ್ಟು ಕೂತಿದ್ದರೆ ಫ್ಯಾನಿನ ಕಡೆಯಿಂದ ಮೆಲ್ಲಗೆ ನೀರು ಬಿಟ್ಟು ತೆಗೆಯಿರಿ. ಕಾದ ಇಂಜಿನ್ನಿನ ಮುಚ್ಚಳ ತೆರೆಯಬೇಡಿ, ಅದಕ್ಕೆ ತಣ್ಣೀರು ಹುಯ್ಯಬೇಡಿ. ಹೆಡ್ಡು ಬಿರುಕು ಬಿಡಬಹುದು. ಫ್ಯಾನ್ ಬೆಲ್ಟಿನಲ್ಲಿ ಬಿರುಕಿದ್ದರೆ ಕಡಿಯುವ ತನಕ ಕಾಯಬೇಡಿ.

ಹೊಗೆ ಕೊಡುವ ಸುಳಿವು

ಕಪ್ಪು ಹೊಗೆ: ಗಾಳಿ ಸಾಲದು ಇಲ್ಲವೇ ಡೀಸೆಲ್ ಹೆಚ್ಚು. ಮೊದಲು ಏರ್ ಕ್ಲೀನರ್, ಆಮೇಲೆ ಟರ್ಬೋ ಪೈಪು, ಕೊನೆಗೆ ನಾಜಲ್.
ನೀಲಿ ಹೊಗೆ: ಆಯಿಲ್ ಉರಿಯುತ್ತಿದೆ. ರಿಂಗು, ವಾಲ್ವ್ ಸೀಲು ಅಥವಾ ಟರ್ಬೋ.
ಬಿಳಿ ಹೊಗೆ: ಚಳಿಯಲ್ಲಿ ಸ್ವಲ್ಪ ಹೊತ್ತು ಬಂದರೆ ಪರವಾಗಿಲ್ಲ. ಕಾದ ಮೇಲೂ ಬಂದು, ಕೂಲೆಂಟೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಲೆಕ್ಕದ ಪುಸ್ತಕ

ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಗಾಡಿಯಲ್ಲೇ ಇದೆ. ತಾರೀಖು, ಮೀಟರ್, ಹಾಕಿದ ಡೀಸೆಲ್, ಆಯಿಲ್, ಕೂಲೆಂಟ್ – ಎಲ್ಲ ಬರೆಯುತ್ತೇನೆ. ಆಯಿಲ್ ಕುಡಿಯುವುದು ಹೆಚ್ಚಾದರೆ, ಲೀಟರಿಗೆ ಓಡುವುದು ಕಮ್ಮಿಯಾದರೆ ಪುಸ್ತಕ ತಿಂಗಳು ಮೊದಲೇ ಹೇಳುತ್ತೆ. ಮೇಸ್ತ್ರಿ ಹತ್ತಿರ ಹೋದಾಗ "ಏನೋ ಸರಿಯಿಲ್ಲ" ಅನ್ನುವ ಬದಲು ಲೆಕ್ಕ ತೋರಿಸಬಹುದು. ಬೇಡದ ಭಾಗ ಬದಲಿಸುವುದೂ ತಪ್ಪುತ್ತೆ.

ಬಿತ್ತನೆಗೆ ಮೊದಲು ಎತ್ತಿನ ಲಾಳ, ಕುಂಟೆಯ ತಾಳು ನೋಡಿಕೊಳ್ಳುವವರು ನಾವು. ಶೇಂಗಾ ಕೀಳುವ ಹದಿನೈದು ದಿನ ಮುಂಚೆ ಗಾಡಿಗೂ ಒಂದು ಬೆಳಿಗ್ಗೆ ಕೊಡಿ.