ವೈಫೈ ಇದೆ, ಪುಟ ಮಾತ್ರ ತೆರೆಯದು

ವೈಫೈ ಗೆರೆಗಳು ತುಂಬಿವೆ, ವಾಟ್ಸ್‌ಆ್ಯಪ್‌ಗೆ ಸಂದೇಶ ಬರುತ್ತಲೇ ಇದೆ, ಆದರೆ ಬ್ರೌಸರ್‌ನಲ್ಲಿ ಹೊಸ ಪುಟ ತೆರೆಯಹೋದರೆ ಬರೀ ಬಿಳಿ ಪರದೆ. ಇದಕ್ಕೆ ಎಲ್ಲರ ಬಾಯಲ್ಲೂ ಇರುವ ಮದ್ದು ಒಂದೇ: ‘ಡಿಎನ್‌ಎಸ್ ಬದಲಿಸಿ, 8.8.8.8 ಹಾಕಿ’. ಮದ್ದು ಕೆಟ್ಟದ್ದಲ್ಲ. ಆದರೆ ದೋಷ ಎಲ್ಲಿದೆ ಎಂದು ನೋಡದೆ ಹಾಕಿದರೆ ಹಳೆಯ ತೊಂದರೆ ಹಾಗೇ ಉಳಿದು, ಹೊಸದೊಂದು ಜತೆಗೂಡುತ್ತದೆ. ಮೊದಲು ಪರೀಕ್ಷೆ, ಆಮೇಲೆ ಬದಲಾವಣೆ. ಪರೀಕ್ಷೆಗೆ ಹತ್ತು ನಿಮಿಷವೂ ಬೇಡ.

ನಾವು ಟೈಪ್ ಮಾಡುವ ಜಾಲತಾಣದ ಹೆಸರನ್ನು ಕಂಪ್ಯೂಟರ್‌ಗೆ ಬೇಕಾದ ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವುದು ಡಿಎನ್‌ಎಸ್ ಕೆಲಸ. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ ಈ ವ್ಯವಸ್ಥೆಯ ತಿರುಳು ಇಂದಿಗೂ ಬದಲಾಗಿಲ್ಲ. ಫೋನು ವೈಫೈಗೆ ಸೇರಿದೊಡನೆ ‘ಹೆಸರು ಕೇಳಬೇಕಾದರೆ ಇವರನ್ನು ಕೇಳು’ ಎಂದು ರೂಟರ್ ಒಂದು ವಿಳಾಸ ಕೊಡುತ್ತದೆ. ಮನೆಗಳಲ್ಲಿ ಅದು ಸಾಮಾನ್ಯವಾಗಿ ರೂಟರ್‌ನದೇ ವಿಳಾಸ, 192.168.1.1 ಅಥವಾ 192.168.0.1. ರೂಟರ್ ಆ ಪ್ರಶ್ನೆಯನ್ನು ಇಂಟರ್‌ನೆಟ್ ಕಂಪನಿಯ ಸರ್ವರ್‌ಗೆ ದಾಟಿಸುತ್ತದೆ. ಹಾಗಾಗಿ ಕೆಡಬಹುದಾದ ಜಾಗ ಮೂರು: ಫೋನಿಗೂ ರೂಟರ್‌ಗೂ ನಡುವಿನ ಗಾಳಿ, ರೂಟರ್, ಅದರಾಚೆಯ ಸರ್ವರ್. ವಾಟ್ಸ್‌ಆ್ಯಪ್ ಮಾತ್ರ ಏಕೆ ನಡೆಯುತ್ತದೆ ಎಂದರೆ, ಅದರ ಸಂಪರ್ಕ ಆಗಲೇ ಏರ್ಪಟ್ಟಿರುವುದರಿಂದ ಮತ್ತೆ ಹೆಸರು ಕೇಳುವ ಅಗತ್ಯವಿಲ್ಲ.

ಮೂರರಲ್ಲಿ ಹೆಚ್ಚಾಗಿ ಅಲಕ್ಷ್ಯಕ್ಕೆ ಗುರಿಯಾಗುವುದು ಗಾಳಿ. ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಯುಡಿಪಿ ವಿಧಾನದಲ್ಲಿ, ಒಂದೇ ಸಣ್ಣ ಪ್ಯಾಕೆಟ್ ಆಗಿ ಹೋಗುತ್ತದೆ. ಅದು ತಲುಪಿತೇ ಇಲ್ಲವೇ ಎಂದು ಯುಡಿಪಿ ವಿಚಾರಿಸುವುದಿಲ್ಲ. ವೈಫೈ ಕಳೆದ ಪ್ಯಾಕೆಟ್ಟನ್ನು ತಾನೇ ಕೆಲವು ಸಲ ಮರಳಿ ಕಳಿಸಿ ನೋಡುತ್ತದಾದರೂ ಸಿಗ್ನಲ್ ತೀರಾ ಸೊರಗಿದರೆ ಕೈಬಿಡುತ್ತದೆ. ಆಮೇಲೆ ಕೇಳಿದವರು ಕಾಯಬೇಕು. ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಈ ಕಾಯುವಿಕೆ 5 ಸೆಕೆಂಡ್. ಪುಟ ಐದಾರು ಸೆಕೆಂಡ್ ಸುಮ್ಮನೆ ನಿಂತು, ಆಮೇಲೆ ಸರ್ರನೆ ತೆರೆದುಕೊಂಡರೆ ಹೆಸರಿನ ಪ್ರಶ್ನೆಯೊಂದು ದಾರಿಯಲ್ಲಿ ಕಳೆದಿರಬಹುದೆಂದು ಸಂಶಯಿಸಿ. ಆದರೆ ಅದು ಸರ್ವರ್‌ನ ತಪ್ಪೇ ಆಗಬೇಕಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಹತ್ತಾರು ರೂಟರ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಮಾತಾಡುತ್ತಿರುತ್ತವೆ. ಅಲ್ಲಿ ಪರಸ್ಪರ ತಾಗದ ಚಾನೆಲ್‌ಗಳು ಮೂರೇ: 1, 6, 11. ಇಂಥ ಕಡೆ 5 ಗಿಗಾಹರ್ಟ್ಸ್‌ಗೆ ಬದಲಾಗುವುದೋ ರೂಟರ್‌ನ ಜಾಗ ಬದಲಿಸುವುದೋ ಮಾಡಬೇಕೇ ಹೊರತು, ಡಿಎನ್‌ಎಸ್ ಬದಲಿಸಿ ಫಲವಿಲ್ಲ.

ಈಗ ಪರೀಕ್ಷೆ. ಅದೇ ವೈಫೈಯಲ್ಲಿರುವ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ (ಇಲ್ಲಿನ ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು). ಮೊದಲು ‘ಪಿಂಗ್ 192.168.1.1 -ಟಿ’ ಎಂದು ಕೊಟ್ಟು ಒಂದು ನಿಮಿಷ ನೋಡಿ. ಉತ್ತರಗಳು ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಸಾಲಾಗಿ ಬಂದರೆ ಗಾಳಿ ಸರಿಯಿದೆ. ನಡುನಡುವೆ ‘ಟೈಮ್ಡ್ ಔಟ್’ ಬಂದರೆ ಅಥವಾ ಅಂಕಿ ನೂರಾರಕ್ಕೆ ಜಿಗಿದರೆ ತೊಂದರೆ ಮನೆಯೊಳಗೇ ಇದೆ. ಎರಡನೆಯದು ‘ಪಿಂಗ್ 8.8.8.8’. ಇದರಲ್ಲಿ ಹೆಸರಿನ ಪ್ರಶ್ನೆಯೇ ಇಲ್ಲ. ಉತ್ತರ ಬಂದರೆ ಹೊರಗಿನ ದಾರಿ ತೆರೆದಿದೆ. ಬಾರದಿದ್ದರೆ ಬಹುಶಃ ಲೈನೇ ಹೋಗಿದೆ. ಮೂರನೆಯದೇ ತೀರ್ಮಾನ ಹೇಳುವುದು. ‘ಎನ್‌ಎಸ್‌ಲುಕಪ್’ ಎಂದು ಬರೆದು, ಜಾಗ ಬಿಟ್ಟು ಯಾವುದಾದರೂ ತಾಣದ ಹೆಸರು, ಮತ್ತೆ ಜಾಗ ಬಿಟ್ಟು 192.168.1.1 ಎಂದು ಕೊಡಿ. ಆಮೇಲೆ ಅದನ್ನೇ ಕೊನೆಯಲ್ಲಿ 8.8.8.8 ಇಟ್ಟು ಕೇಳಿ. ರೂಟರ್‌ಗೆ ಕೇಳಿದಾಗ ‘ಡಿಎನ್‌ಎಸ್ ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದು, 8.8.8.8ಕ್ಕೆ ಕೇಳಿದಾಗ ತಕ್ಷಣ ಉತ್ತರ ಸಿಕ್ಕರೆ ದೋಷ ರೂಟರ್‌ನಲ್ಲೋ ಕಂಪನಿಯ ಸರ್ವರ್‌ನಲ್ಲೋ ಇದೆ. ಒಂದು ಸಲದ ಫಲ ನಂಬಬೇಡಿ. ಸಂಜೆ, ದಟ್ಟಣೆಯ ಹೊತ್ತಿನಲ್ಲಿ ಇನ್ನೊಮ್ಮೆ ಕೇಳಿ. ರೂಟರ್ ಆರಿಸಿ ಹಚ್ಚಿದ ಮೇಲೆ ಎಲ್ಲ ಸರಿಹೋಗಿ, ಒಂದೆರಡು ದಿನದಲ್ಲಿ ಮತ್ತೆ ಕೆಟ್ಟರೆ ಸಂಶಯ ರೂಟರ್ ಮೇಲೆಯೇ.

ದೋಷ ಖಚಿತವಾದರೆ ಬದಲಾವಣೆಯನ್ನು ರೂಟರ್‌ನಲ್ಲೇ ಮಾಡುವುದು ಲೇಸು, ಮನೆಯ ಎಲ್ಲ ಸಾಧನಗಳಿಗೂ ಅದು ಅನ್ವಯಿಸುತ್ತದೆ. ಹಳೆಯ ಸೆಟ್ಟಿಂಗ್‌ನ ಫೋಟೊ ತೆಗೆದಿಟ್ಟುಕೊಂಡು, ಡಿಎಚ್‌ಸಿಪಿ ವಿಭಾಗದಲ್ಲಿ ಎರಡು ಡಿಎನ್‌ಎಸ್ ವಿಳಾಸ ಬರೆಯಿರಿ. ಆಗ ಸಾಧನಗಳು ರೂಟರನ್ನು ಕೇಳದೆ ನೇರವಾಗಿ ಹೊರಗಿನ ಸರ್ವರನ್ನು ಕೇಳುತ್ತವೆ. ಎರಡೂ ವಿಳಾಸ ಒಂದೇ ಸಂಸ್ಥೆಯದಾಗದಿರಲಿ: ಒಂದು ಗೂಗಲ್‌ನ 8.8.8.8, ಇನ್ನೊಂದು ಕ್ಲೌಡ್‌ಫ್ಲೇರ್‌ನ 1.1.1.1. ಅತಿ ಎಚ್ಚರಿಕೆ ಎನಿಸಿದರೆ 2025ರ ಜುಲೈ 14 ನೆನಪಿಸಿಕೊಳ್ಳಿ. ಅಂದು ಕ್ಲೌಡ್‌ಫ್ಲೇರ್‌ನ ಸ್ವಂತ ಸೆಟ್ಟಿಂಗ್ ದೋಷದಿಂದ 1.1.1.1 ಜಗತ್ತಿನಾದ್ಯಂತ ಒಂದು ಗಂಟೆಗೂ ಹೆಚ್ಚು ಕಾಲ ಸ್ತಬ್ಧವಾಯಿತು. 1.0.0.1ನ್ನು ಎರಡನೆಯ ವಿಳಾಸವಾಗಿ ಇಟ್ಟುಕೊಂಡಿದ್ದವರಿಗೂ ಉಪಯೋಗವಾಗಲಿಲ್ಲ, ಅದೂ ಜತೆಗೇ ಬಿದ್ದಿತ್ತು. ಹಲವರು ಮರೆಯುವ ಇನ್ನೊಂದು ಸಂಗತಿ ಐಪಿವಿ6. ಅದು ಚಾಲ್ತಿಯಲ್ಲಿರುವ ಮನೆಯಲ್ಲಿ ಐಪಿವಿ4 ವಿಳಾಸ ಮಾತ್ರ ಬದಲಿಸಿದರೆ ಸಾಧನ ಹಳೆಯ ಸರ್ವರನ್ನೇ ಕೇಳುತ್ತಿರಬಹುದು. ಆ ಜಾಗದಲ್ಲಿ 2001:4860:4860::8888 ಮತ್ತು 2606:4700:4700::1111 ಬರೆಯಿರಿ. ಆಮೇಲೆ ಪ್ರತಿ ಸಾಧನದಲ್ಲೂ ವೈಫೈ ಒಮ್ಮೆ ಆರಿಸಿ ಹಚ್ಚಿದರೆ ಹೊಸ ವಿಳಾಸ ಸಿಗುತ್ತದೆ.

ಕಂಪನಿ ಕೊಟ್ಟ ರೂಟರ್‌ಗೆ ಕೆಲವೊಮ್ಮೆ ಬೀಗ ಹಾಕಿರುತ್ತಾರೆ. ಆಗ ಫೋನಿನಲ್ಲೇ ಬದಲಿಸಬೇಕು. ಆಂಡ್ರಾಯ್ಡ್‌ನಲ್ಲಿ ವೈಫೈ ಸೆಟ್ಟಿಂಗ್ ಒಳಗೆ ಹೋಗಿ ‘ಸ್ಟ್ಯಾಟಿಕ್’ ಆರಿಸುವ ಹಳೆಯ ದಾರಿ ಬೇಡ. ಅಲ್ಲಿ ಫೋನಿನ ಐಪಿ ವಿಳಾಸವನ್ನೂ ನಾವೇ ಬರೆಯಬೇಕಾಗಿ, ಅದೇ ವಿಳಾಸ ಇನ್ನೊಂದು ಸಾಧನಕ್ಕೆ ಹೋದ ದಿನ ಎರಡಕ್ಕೂ ತಕರಾರು. 2018ರ ಆಂಡ್ರಾಯ್ಡ್ 9ರಿಂದ ‘ಪ್ರೈವೇಟ್ ಡಿಎನ್‌ಎಸ್’ ಇದೆ. ಅಲ್ಲಿ ಅಂಕಿಯಲ್ಲ, ‘ಡಿಎನ್‌ಎಸ್ ಡಾಟ್ ಗೂಗಲ್’ ಎಂಬಂಥ ಹೆಸರು ಕೊಡಬೇಕು. ಪ್ರಶ್ನೆ ಗೂಢಲಿಪಿಯಲ್ಲಿ ಹೋಗುವುದರಿಂದ ನಡುವಿನವರು ಓದಲಾರರು, ತಿದ್ದಲಾರರು. ಐಫೋನ್‌ನಲ್ಲಾದರೆ ವೈಫೈ ಹೆಸರಿನ ಪಕ್ಕದ ‘ಐ’ ಗುರುತು ಒತ್ತಿ, ‘ಕಾನ್ಫಿಗರ್ ಡಿಎನ್‌ಎಸ್’ನಲ್ಲಿ ‘ಮ್ಯಾನ್ಯುಯಲ್’ ಆರಿಸಿ. ಅದು ಆ ಒಂದು ವೈಫೈಗೆ ಮಾತ್ರ.

ನಾವು ನೋಡುವ ತಾಣಗಳ ಪಟ್ಟಿಯನ್ನೆಲ್ಲ ಹೊರದೇಶದ ಕಂಪನಿಗೆ ಒಪ್ಪಿಸಿದಂತಾಗಲಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಈಗ ಆ ಪಟ್ಟಿ ಇಂಟರ್‌ನೆಟ್ ಕಂಪನಿಯ ಕೈಯಲ್ಲಿದೆ. ಯಾರ ಕೈಯಲ್ಲೂ ಇಲ್ಲದಂತೆ ಮಾಡುವುದು ಸುಲಭವಲ್ಲ. ಈ ಬಗ್ಗೆ ಚಿಂತೆಯಿದ್ದವರು 9.9.9.9 ಬಳಸಬಹುದು. ಇದನ್ನು ನಡೆಸುವ ಕ್ವಾಡ್9 ಲಾಭಕ್ಕಲ್ಲದ ಸಂಸ್ಥೆ, 2021ರಲ್ಲಿ ಸ್ವಿಟ್ಜರ್ಲೆಂಡಿಗೆ ನೆಲೆ ಬದಲಿಸಿತು, ಬಳಕೆದಾರರ ಐಪಿ ವಿಳಾಸ ದಾಖಲಿಸುವುದಿಲ್ಲ ಎನ್ನುತ್ತದೆ. ಅದು ಅಪಾಯಕಾರಿ ತಾಣಗಳನ್ನೂ ತಡೆಯುತ್ತದೆ. ಆದರೆ ಜತೆಗೆ 8.8.8.8 ಇಟ್ಟರೆ ಆ ತಡೆ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಸಾಧನ ಯಾವಾಗ ಯಾರನ್ನು ಕೇಳುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ.

ವೇಗದ ಆಕ್ಷೇಪ ಇದಕ್ಕಿಂತ ಬಲವಾದದ್ದು. ಇಂಟರ್‌ನೆಟ್ ಕಂಪನಿಯ ಸರ್ವರ್ ಹತ್ತಿರವಿರುತ್ತದೆ. ವಿಡಿಯೊ ತಾಣಗಳು ಪ್ರಶ್ನೆ ಎಲ್ಲಿಂದ ಬಂತೆಂದು ನೋಡಿ ಸಮೀಪದ ಸರ್ವರ್ ತೋರಿಸುವುದರಿಂದ, ಬೇರೆ ಡಿಎನ್‌ಎಸ್ ಬಳಸಿದಾಗ ದೂರದ ಸರ್ವರ್ ಸಿಕ್ಕು ವಿಡಿಯೊ ತಡವರಿಸುವುದೂ ಉಂಟು. ಆದ್ದರಿಂದ ಮೂರನೇ ಪರೀಕ್ಷೆಯಲ್ಲಿ ರೂಟರ್ ಪಾಸಾದರೆ ಏನನ್ನೂ ಬದಲಿಸಬೇಡಿ. ಕಚೇರಿಯ ವೈಫೈಯನ್ನಂತೂ ಮುಟ್ಟಲೇಬಾರದು. ಒಳಗಿನ ಸರ್ವರ್, ಪ್ರಿಂಟರ್‌ಗಳ ಹೆಸರು ಗೊತ್ತಿರುವುದು ಕಚೇರಿಯ ಡಿಎನ್‌ಎಸ್‌ಗೆ ಮಾತ್ರ.

ರೈಲು ನಿಲ್ದಾಣ, ಹೋಟೆಲ್, ವಿಮಾನ ನಿಲ್ದಾಣದ ವೈಫೈ ಲೆಕ್ಕವೇ ಬೇರೆ. ಒಟಿಪಿ ಕೇಳುವ ಲಾಗಿನ್ ಪುಟಕ್ಕೆ ನಮ್ಮನ್ನು ಮುಟ್ಟಿಸಲು ಅವರ ಡಿಎನ್‌ಎಸ್ ಎಷ್ಟೋ ಕಡೆ ಬೇಕೆಂದೇ ತಪ್ಪು ಉತ್ತರ ಕೊಡುತ್ತದೆ. ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಹೆಸರು ಬರೆದಿಟ್ಟಿದ್ದರೆ ಕೆಲವೊಮ್ಮೆ ಆ ಪುಟವೇ ಬರುವುದಿಲ್ಲ. ಅಂಥಲ್ಲಿ ಅದನ್ನು ‘ಆಟೊಮ್ಯಾಟಿಕ್’ಗೆ ತಂದು, ಲಾಗಿನ್ ಮುಗಿಸಿ, ಆಮೇಲೆ ಮೊದಲಿನಂತೆ ಮಾಡಿ. ಲಾಗಿನ್ ಆದ ಮೇಲೂ ‘ಪ್ರೈವೇಟ್ ಡಿಎನ್‌ಎಸ್ ಸರ್ವರ್ ಸಿಗುತ್ತಿಲ್ಲ’ ಎಂದು ಫೋನು ಗೊಣಗಿದರೆ, ಆ ಜಾಲ ಅದಕ್ಕೆ ಬೇಕಾದ 853ನೇ ಪೋರ್ಟನ್ನು ಮುಚ್ಚಿರಬಹುದು. ಅಲ್ಲಿರುವಷ್ಟು ಹೊತ್ತು ‘ಆಟೊಮ್ಯಾಟಿಕ್’ನಲ್ಲೇ ಬಿಡಿ. ಬ್ಯಾಂಕ್ ಕೆಲಸವಿದ್ದರೆ ಮೊಬೈಲ್ ಡೇಟಾ ಬಳಸಿ.