ದೇವರನಾಮ ಕಲಿಯಲು ಗುರುಗಳನ್ನು ಹುಡುಕುವಾಗ

ಶ್ರೀ ಗುರುಭ್ಯೋ ನಮಃ.

ಪುಷ್ಯ ಬಹುಳ ಅಮಾವಾಸ್ಯೆ ಪುರಂದರದಾಸರ ಆರಾಧನೆಯ ದಿನ. ಇಲ್ಲಿ ನ್ಯೂಜೆರ್ಸಿಯಲ್ಲಿ ನಾವು ಅದನ್ನು ಹತ್ತಿರದ ಶನಿವಾರಕ್ಕೆ ಇಟ್ಟುಕೊಳ್ಳುತ್ತೇವೆ. ಆರಾಧನೆ ಮುಗಿದ ಮಾರನೆಯ ವಾರ ನನಗೆ ಬರುವ ಫೋನುಗಳೆಲ್ಲ ಒಂದೇ ತರಹ. "ಮೇಡಂ, ಮಗಳಿಗೆ ದೇವರನಾಮ ಕಲಿಸಬೇಕು, ಯಾರು ಚೆನ್ನಾಗಿ ಹೇಳಿಕೊಡ್ತಾರೆ?" ಇನ್ನು ಕೆಲವರು ಸಂಕೋಚದಿಂದ ಕೇಳುತ್ತಾರೆ, "ನನಗೇ ಕಲೀಬೇಕು ಅಂತ ಆಸೆ. ಐವತ್ತೆರಡಾಯ್ತು, ಈಗ ಆಗುತ್ತಾ?" ಖಂಡಿತ ಆಗುತ್ತೆ. ಆದರೆ ಗುರುಗಳನ್ನು ಹುಡುಕುವ ಮೊದಲು, ಹುಡುಕಿದ ಮೇಲೆ, ನಾವು ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಹೇಳಿಕೊಡುವವಳಾಗಿ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ನಿಮ್ಮ ಆಸೆ ಏನು, ಹೇಳಿ

ಭಜನಾ ಮಂಡಳಿಯಲ್ಲಿ ಎಲ್ಲರ ಜೊತೆ ಹಾಡಲು ಹತ್ತು ದೇವರನಾಮ ಬರಬೇಕು ಅನ್ನುವುದು ಒಂದು ಆಸೆ. ಶಾಸ್ತ್ರೀಯವಾಗಿ ಕಲಿಯಬೇಕು ಅನ್ನುವುದು ಇನ್ನೊಂದು. ಮಗುವಿನ ಬಾಯಲ್ಲಿ ಕನ್ನಡ ಉಳಿಯಲಿ ಅನ್ನುವುದು ಮತ್ತೊಂದು. ಮೂರೂ ಒಳ್ಳೆಯ ಆಸೆಗಳೇ, ಆದರೆ ಮೂರಕ್ಕೂ ಪಾಠದ ಕ್ರಮ ಬೇರೆ. ಮೊದಲ ದಿನವೇ ಗುರುಗಳಿಗೆ ಬಾಯಿಬಿಟ್ಟು ಹೇಳಿ.

"ದೇವರನಾಮ ಸಾಕು, ಸರಳೆ ವರಸೆ ಯಾಕೆ?" ಅಂತ ಕೇಳುವವರು ತುಂಬಾ ಜನ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೇ (1484–1564) ಅಂತ ನಮ್ಮ ಸಂಪ್ರದಾಯ ನಂಬಿಕೊಂಡು ಬಂದಿದೆ. ಅದಕ್ಕೇ ಅವರು ಕರ್ನಾಟಕ ಸಂಗೀತ ಪಿತಾಮಹರು. ಮಲಹರಿಯ ಪಿಳ್ಳಾರಿ ಗೀತೆಗಳೂ ಅವರವೇ. ಎಂಟು ವರ್ಷದ ಮಗುವಿಗೆ ಈ ದಾರಿ ಬಿಟ್ಟು ಬೇರೆ ದಾರಿ ಬೇಡ. ಅರವತ್ತು ದಾಟಿದ ಅಜ್ಜಿ ಆರು ತಿಂಗಳ ವೀಸಾದಲ್ಲಿ ಬಂದಿದ್ದರೆ, ಸರಳೆ ಒಂದೆರಡು ವಾರ ಹಾಡಿಸಿ ನೇರ ದೇವರನಾಮಕ್ಕೆ ಹೋದರೂ ತಪ್ಪಿಲ್ಲ. ಇದನ್ನು ನೋಡಿ ತೀರ್ಮಾನ ಮಾಡುವವರು ಒಳ್ಳೆಯ ಗುರುಗಳು.

ಮೊದಲ ಪಾಠದಲ್ಲಿ ಏನು ನೋಡಬೇಕು

ನಾವೆಲ್ಲ ಮೊದಲು ನೋಡುವುದು ಗುರುಗಳು ಎಷ್ಟು ಚೆನ್ನಾಗಿ ಹಾಡುತ್ತಾರೆ ಅಂತ. ನನ್ನ ಅನುಭವದಲ್ಲಿ ಅದಕ್ಕಿಂತ ಮುಖ್ಯ, ಅವರು ಎಷ್ಟು ಚೆನ್ನಾಗಿ ಕೇಳುತ್ತಾರೆ ಅನ್ನುವುದು. ಸಾಧ್ಯವಾದರೆ ಅವರು ಬೇರೆಯವರಿಗೆ ಪಾಠ ಹೇಳುವಾಗ ಒಂದು ದಿನ ಅನುಮತಿ ಕೇಳಿ ಪಕ್ಕದಲ್ಲಿ ಕೂತು ನೋಡಿ. ಒಂದು ಸಾಲು ಹೇಳಿಕೊಟ್ಟು ಸುಮ್ಮನಾಗಿ ಶಿಷ್ಯರ ದನಿ ಕೇಳುತ್ತಾರಾ? ಅಥವಾ ಜೊತೆಯಲ್ಲೇ ಹಾಡುತ್ತಾ ಅವರ ದನಿಯನ್ನು ಮುಚ್ಚಿಬಿಡುತ್ತಾರಾ? ತಪ್ಪಿದಾಗ ನಿಲ್ಲಿಸುತ್ತಾರಾ? ಎಲ್ಲದಕ್ಕೂ "ಸೂಪರ್, ತುಂಬಾ ಚೆನ್ನಾಗಿದೆ" ಅನ್ನುವವರ ಹತ್ತಿರ ಖುಷಿಯಾಗುತ್ತದೆ, ಪಾಠ ಆಗುವುದಿಲ್ಲ.

ಇನ್ನೊಂದು, ಶ್ರುತಿ. ಹೆಂಗಸರಿಗೆ ಸಾಮಾನ್ಯವಾಗಿ 5 ಅಥವಾ ಐದೂವರೆ ಮನೆ ಹೊಂದುತ್ತದೆ. ಗಂಡಸರಿಗೆ 1, ಒಂದೂವರೆ ಅಥವಾ 2. ನಿಮ್ಮ ದನಿಗೆ ಯಾವುದು ಅಂತ ಮೊದಲ ದಿನ ಹಾಡಿಸಿ ನೋಡುವವರು ಬೇಕು. ತಾರ ಷಡ್ಜದ ಮೇಲೆ ಎಷ್ಟು ಹೋಗುತ್ತದೆ, ಮಂದ್ರದಲ್ಲಿ ಎಲ್ಲಿಯವರೆಗೆ ಇಳಿಯುತ್ತದೆ, ಎರಡನ್ನೂ ನೋಡಬೇಕು.

ನನ್ನ ತಪ್ಪು ಇಲ್ಲೇ ಆಗಿದ್ದು. ಆರು ಮಕ್ಕಳ ಒಂದು ಗುಂಪು ನನ್ನ ಹತ್ತಿರ ಕಲಿಯುತ್ತಿತ್ತು. ಐದು ಹುಡುಗಿಯರು, ಒಬ್ಬನೇ ಹುಡುಗ. ಏಳು ವರ್ಷಕ್ಕೆ ಬಂದವನು ಚೆನ್ನಾಗಿ ಹಾಡುತ್ತಿದ್ದ. ಹದಿಮೂರರ ಹೊತ್ತಿಗೆ ಅವನ ದನಿ ಒಡೆಯಿತು. ಗುಂಪಿನ ಶ್ರುತಿ 5 ಮನೆ. ನಾನು "ಬಾಯಿ ಬಿಡು, ಗಟ್ಟಿಯಾಗಿ ಹಾಡು" ಅಂದೆ. ಮೇಲೆ ಹೋದರೆ ದನಿ ಕೀರಲಾಗುತ್ತಿತ್ತು, ಹುಡುಗಿಯರು ನಗುತ್ತಿದ್ದರು. ಸಂಗೀತದಲ್ಲಿ ಎಂ.ಎ. ಮಾಡಿದವಳು ನಾನು, ದನಿ ಒಡೆಯುವುದು ಗೊತ್ತಿಲ್ಲದ ವಿಷಯವಲ್ಲ. ಒಬ್ಬನಿಗಾಗಿ ಬೇರೆ ಅರ್ಧ ಗಂಟೆ ಇಡಬೇಕಾಗುತ್ತಲ್ಲ ಅಂತ ಮುಂದೆ ಹಾಕಿದೆ. ಒಂದು ದಿನ ಅವರಮ್ಮ ಫೋನ್ ಮಾಡಿ, ಇನ್ನು ಮೇಲೆ ಶನಿವಾರ ಸ್ವಿಮ್ಮಿಂಗ್ ಇದೆ ಅಂದರು. ನಾನೂ "ಆಯ್ತು" ಅಂದುಬಿಟ್ಟೆ.

ಗಂಡುಮಕ್ಕಳ ತಾಯಂದಿರೇ, ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಮಗ "ಸಂಗೀತ ಬೇಡ" ಅಂದರೆ, ಬಿಡಿಸುವ ಮೊದಲು ಗುರುಗಳ ಹತ್ತಿರ ಶ್ರುತಿಯ ವಿಷಯ ಮಾತಾಡಿ. ಕೆಲವು ತಿಂಗಳು ಕೆಳಗಿನ ಶ್ರುತಿಯಲ್ಲಿ ಮೆಲ್ಲಗೆ ಹಾಡಿಸಿ, ತಾಳ, ಸಾಹಿತ್ಯ, ಸ್ವರ ಬರೆಯುವುದನ್ನು ಮಾಡಿಸಿದರೆ ಪಾಠ ನಿಲ್ಲುವುದಿಲ್ಲ.

ರಾಗದ ಜಗಳ ಬೇಡ

"ಈ ಪದ ಯೂಟ್ಯೂಬಿನಲ್ಲಿ ಬೇರೆ ರಾಗದಲ್ಲಿದೆ, ನಮ್ಮ ಟೀಚರ್ ತಪ್ಪು ಹೇಳಿಕೊಟ್ಟರಾ?" ಅಂತ ಕೇಳುತ್ತಾರೆ. ದಾಸರು ಹಾಡಿದ ಮೂಲ ಮಟ್ಟುಗಳು ಬಹುಪಾಲು ನಮಗೆ ಉಳಿದು ಬಂದಿಲ್ಲ. ಉಳಿದದ್ದು ಸಾಹಿತ್ಯ. ಇಂದು ನಾವು ಕೇಳುವ ರಾಗಗಳಲ್ಲಿ ಹೆಚ್ಚಿನವು ಮುಂದೆ ಬಂದ ವಿದ್ವಾಂಸರು ಅಳವಡಿಸಿದವು. ಹಾಗಾಗಿ ಒಂದೇ ದೇವರನಾಮ ಎರಡು ಮೂರು ರಾಗಗಳಲ್ಲಿ ಇರುವುದು ಸಹಜ. ನಿಮ್ಮ ಗುರುಗಳ ಪಾಠಾಂತರವನ್ನು ಪೂರ್ತಿ ಕಲಿಯಿರಿ, ಆಮೇಲೆ ಬೇರೆಯವರದನ್ನು ಕೇಳಿ ಆನಂದಿಸಿ. ಎರಡನ್ನೂ ಬೆರೆಸಬೇಡಿ.

ಆದರೆ ಸಾಹಿತ್ಯದಲ್ಲಿ ರಾಜಿ ಬೇಡ. ಇಲ್ಲಿಯ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಅದರಲ್ಲಿ ಲ, ಳ ಎರಡೂ ಒಂದೇ. ಹಳ್ಳಿ ಹಲ್ಲಿಯಾಗುತ್ತದೆ, ಕಾಳು ಕಾಲಾಗುತ್ತದೆ. ವಿಠಲನ ಮಹಾಪ್ರಾಣವಂತೂ ಹೋಗಿಯೇ ಬಿಡುತ್ತದೆ. ಅದು ಅಂಕಿತ! ಪದ ಎಲ್ಲಿ ಒಡೆಯುತ್ತದೆ, ಅರ್ಥ ಏನು, ಅಂಕಿತ ಯಾರದು, ಇಷ್ಟನ್ನೂ ಹೇಳಿಕೊಡುವವರು ಸಿಕ್ಕಿದರೆ ಬಿಡಬೇಡಿ. ಅವರು ಹೇಳದಿದ್ದರೆ ನೀವೇ ವಿನಯದಿಂದ ಕೇಳಿ.

ಊರಿನ ಗುರುಗಳ ಹತ್ತಿರ ಆನ್‌ಲೈನ್ ಕಲಿಯುವವರಿಗೆ

ಆನ್‌ಲೈನಿನಲ್ಲಿ ಇಬ್ಬರೂ ಒಟ್ಟಿಗೆ ಹಾಡಲು ಆಗುವುದಿಲ್ಲ, ದನಿ ತಡವಾಗಿ ತಲುಪುತ್ತದೆ. ಗುರುಗಳು ಹಾಡಿದ ಮೇಲೆ ನೀವು ಹಾಡಬೇಕು. ತಂಬೂರಿ ಆ್ಯಪ್ ನಿಮ್ಮ ಕಡೆಯೂ ಇರಲಿ, ನಿಮ್ಮ ದನಿ ಶ್ರುತಿಗೆ ಸೇರಿದೆಯಾ ಅಂತ ಆಗಲೇ ಅವರಿಗೆ ಗೊತ್ತಾಗುವುದು. ಜೂಮ್ ತಂಬೂರಿಯನ್ನು ಗದ್ದಲ ಅಂದುಕೊಂಡು ಅಳಿಸಿಹಾಕುತ್ತದೆ. ಅದರಲ್ಲಿ "ಒರಿಜಿನಲ್ ಸೌಂಡ್" ಅನ್ನುವುದನ್ನು ಆನ್ ಮಾಡಿಕೊಳ್ಳಿ.

ಮಾರ್ಚ್ ಮತ್ತು ನವೆಂಬರಿನಲ್ಲಿ ನಮ್ಮ ಗಡಿಯಾರ ಬದಲಾಗುತ್ತದೆ, ಊರಿನದು ಬದಲಾಗುವುದಿಲ್ಲ. ಬೇಸಿಗೆಯಲ್ಲಿ ನಮ್ಮ ರಾತ್ರಿ 9 ಗಂಟೆಗೆ ಅವರಿಗೆ ಬೆಳಿಗ್ಗೆ 6.30. ಚಳಿಗಾಲದಲ್ಲಿ ನಮಗೆ 8 ಆದಾಗಲೇ ಅವರಿಗೆ 6.30. ವಯಸ್ಸಾದ ಗುರುಗಳು ಸ್ನಾನ ಮುಗಿಸಿ ನಮಗಾಗಿ ಕಾದು ಕೂರುವ ಹಾಗೆ ಆಗಬಾರದು. ಹಿಂದಿನ ವಾರವೇ ಹೇಳಿಬಿಡಿ.

ಪಾಠದ ಅರ್ಧ ಗಂಟೆ, ಮನೆಯ ಆರು ದಿನ

ವಾರಕ್ಕೆ ಅರ್ಧ ಗಂಟೆಯಲ್ಲಿ ಗುರುಗಳು ದಾರಿ ತೋರಿಸಬಹುದು, ನಡೆಯಬೇಕಾದವರು ನಾವು. ನನ್ನ ಶಿಷ್ಯರಿಗೆ ನಾನು ಹೇಳುವುದು ಇಷ್ಟು:

1. ದಿನಕ್ಕೆ 20 ನಿಮಿಷ ಸಾಕು, ದಿನ ತಪ್ಪಬಾರದು. ಭಾನುವಾರ ಎರಡು ಗಂಟೆ ಕೂತರೆ ಅದು ಇದಕ್ಕೆ ಸಮವಲ್ಲ.

2. ಅನುಮತಿ ಪಡೆದು ಪಾಠ ರೆಕಾರ್ಡ್ ಮಾಡಿಕೊಳ್ಳಿ. ನೀವು ಹಾಡಿದ್ದನ್ನೂ ರೆಕಾರ್ಡ್ ಮಾಡಿ ಕೇಳಿ. ಮೊದಲು ಬೇಜಾರಾಗುತ್ತದೆ, ಆಮೇಲೆ ಅದೇ ತಿದ್ದುತ್ತದೆ.

3. ಹೊಸ ಪದವನ್ನು ರಾಗವಿಲ್ಲದೆ ಗಟ್ಟಿಯಾಗಿ ಓದಿ, ಆಮೇಲೆ ತಾಳ ಹಾಕಿಕೊಂಡು ಹೇಳಿ, ಕೊನೆಗೆ ಹಾಡಿ.

4. ಪುಸ್ತಕ ಮುಚ್ಚಿ ಮೂರು ಚರಣ ಬರುವವರೆಗೆ ಹೊಸದನ್ನು ಕೇಳಬೇಡಿ. ಪುಸ್ತಕದಲ್ಲಿ ಐವತ್ತು ಪದ ಇದ್ದು ಬಾಯಲ್ಲಿ ಐದೂ ಇಲ್ಲದ ಸ್ಥಿತಿ ನನಗೂ ಒಂದು ಕಾಲದಲ್ಲಿ ಇತ್ತು.

5. ಬರದಿದ್ದರೆ "ಬರಲಿಲ್ಲ" ಅಂತ ಹೇಳಿ. ಅಭ್ಯಾಸ ಆಗದ ವಾರ ರಜೆ ಹಾಕಬೇಡಿ, ಅವತ್ತೇ ಹೋಗಿ ಗುರುಗಳ ಎದುರಿಗೇ ಅಭ್ಯಾಸ ಮಾಡಿ.

ಗುರುಗಳ ಸಂಭಾವನೆ ಸಮಯಕ್ಕೆ ಸಲ್ಲಲಿ. ಒಂದು ವರ್ಷವಾದರೂ ಹೊಂದಾಣಿಕೆ ಆಗದಿದ್ದರೆ ನಮಸ್ಕಾರ ಮಾಡಿ, ಕಾರಣ ಹೇಳಿ ಬೇರೆಯವರ ಹತ್ತಿರ ಹೋಗಿ. ಅದರಲ್ಲಿ ಪಾಪವಿಲ್ಲ. ಸುಳ್ಳು ನೆಪ ಹೇಳಿದರೆ ಗುರುಗಳಿಗೂ ತಮ್ಮ ತಪ್ಪು ಗೊತ್ತಾಗುವುದಿಲ್ಲ, ನನಗೆ ಆದ ಹಾಗೆ.

ಆ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಹೋದ ಆರಾಧನೆಗೆ ಅಮ್ಮನ ಜೊತೆ ಬಂದು ಹಿಂದೆ ಕೂತಿದ್ದ. ಎಲ್ಲರೂ ಹಾಡುವಾಗ ಅವನ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಒಂದು ಪೆಟ್ಟೂ ತಪ್ಪದೆ. ಪ್ರಸಾದದ ಹೊತ್ತಿಗೆ ಮಾತಾಡಿಸಿದೆ. "ಆಂಟಿ, ನನಗೆ ವಾಯ್ಸ್ ಇಲ್ಲ ಅಂತ ಬಿಟ್ಟೆ" ಅಂದ. ಆರೇಳು ವರ್ಷ ಹಾಗೆಂದುಕೊಂಡೇ ಇದ್ದನಂತೆ. ತಪ್ಪು ನನ್ನದು, ನಿನ್ನದಲ್ಲ ಅಂತ ಹೇಳಿದೆ. ಮಾರನೆಯ ದಿನ ಮನೆಗೆ ಕರೆದು ತಂಬೂರಿಯನ್ನು ಒಂದೂವರೆ ಮನೆಗೆ ಇಟ್ಟೆ. ಒಂಬತ್ತು ವರ್ಷದಲ್ಲಿ ಕಲಿತ ದೇವರನಾಮದ ಪಲ್ಲವಿ ಹಾಡಿದ. ಎರಡನೆಯ ಚರಣ ಮರೆತಿತ್ತು, ದನಿ ಶ್ರುತಿಯಲ್ಲೇ ನಿಂತಿತು. ಈಗ ಭಾನುವಾರ ಬೆಳಿಗ್ಗೆ ಅವನಿಗೆ ಒಬ್ಬನಿಗೇ ಅರ್ಧ ಗಂಟೆ ಪಾಠ.

ಮುಂದಿನ ವಾರ ನಿಮ್ಮ ಗುರುಗಳ ಎದುರು ಕೂತಾಗ ಕೇಳಿ, "ಈ ಶ್ರುತಿ ನನ್ನ ದನಿಗೆ ಸರಿಯಾಗಿದೆಯಾ?" ಅಂತ. ಒಳ್ಳೆಯ ಗುರುಗಳು ಬೇಸರ ಮಾಡಿಕೊಳ್ಳುವುದಿಲ್ಲ.

ಶ್ರೀ ಕೃಷ್ಣಾರ್ಪಣಮಸ್ತು.